ಹಿತ್ತಾಳೆಯ ಆಕಾರ, ಪಿಂಗಾಣಿಯ ಮೈ: ಆರಂಭಿಕ ಮಿಂಗ್ ಕಾಲದ ನೀಲಿ–ಬಿಳಿ ಕುಪ್ಪಿಗಳು

ಎಲ್ಲರಿಗೂ ನಮಸ್ಕಾರ.

ಇಂದಿನ ವಿಷಯ ಚೀನಾದ ಜಿಂಗ್‌ಡೆಝೆನ್ ಊರಿನ ಆವಿಗೆಗಳಲ್ಲಿ ಬೆಂದ ಚಪ್ಪಟೆ ಕುಪ್ಪಿಗಳು. ಮಿಂಗ್ ದೊರೆಗಳಾದ ಯೋಂಗ್‌ಲೆ (1403–1424) ಮತ್ತು ಶುವಾಂಡೆ (1426–1435) ಅವರ ಕಾಲದವು. ಇವುಗಳ ಮೇಲೆ ಇಸ್ಲಾಮಿಕ್ ಪ್ರಭಾವವಿದೆ ಎಂದಾಗ ಬಹಳಷ್ಟು ಜನ ಚಿತ್ತಾರದತ್ತ ಬೆರಳು ತೋರಿಸುತ್ತಾರೆ. ನಾನು ಹೇಳುವುದು, ಮೊದಲು ಆಕಾರ ನೋಡಿ. ಕುಪ್ಪಿಯನ್ನು ಹೊರಳಿಸಿ ಬೆನ್ನು ನೋಡಿ, ಹಿಡಿಕೆ ನೋಡಿ. ಕಾರಣವಿಲ್ಲದೆ ಇರುವಂತೆ ಕಾಣುವ ಒಂದೊಂದು ಭಾಗಕ್ಕೂ ಲೋಹದಲ್ಲಿ ಒಂದು ಕಾರಣ ಇತ್ತು.

ದೊಡ್ಡ ಕುಪ್ಪಿಯಿಂದಲೇ ಶುರು ಮಾಡೋಣ. ವಾಷಿಂಗ್ಟನ್ನಿನ ಫ್ರಿಯರ್ ಸಂಗ್ರಹದಲ್ಲಿ ಎರಡು ವಸ್ತುಗಳಿವೆ. ಒಂದು 13ನೇ ಶತಮಾನದ ಮಧ್ಯಭಾಗದ್ದು. ಸಿರಿಯಾ ಅಥವಾ ಉತ್ತರ ಇರಾಕಿನಲ್ಲಿ ಮಾಡಿದ, ಬೆಳ್ಳಿ ಕೂರಿಸಿದ ಹಿತ್ತಾಳೆಯ ನೀರಿನ ಕುಪ್ಪಿ. ಎತ್ತರ ಸುಮಾರು 45 ಸೆಂ.ಮೀ. ಮುಂಭಾಗ ಉಬ್ಬು, ಬೆನ್ನು ಚಪ್ಪಟೆ, ಬೆನ್ನಿನ ನಡುವೆ ಆಳವಾದ ಕುಳಿ, ಕತ್ತಿನ ಎರಡೂ ಬದಿಗೆ ಹಿಡಿಕೆ. ಮುಂಭಾಗದ ನಟ್ಟನಡುವೆ ಮಗುವನ್ನು ಹಿಡಿದ ಮೇರಿಯ ಚಿತ್ರ, ಸುತ್ತ ಕ್ರಿಸ್ತನ ಜೀವನದ ದೃಶ್ಯಗಳು. ಅಂಚಿನಲ್ಲಿ ಅರಬ್ಬಿ ಬರಹ. ಇಸ್ಲಾಮಿಕ್ ಜಗತ್ತಿನ ಕಲೆ ಎಂದರೆ ಬರೀ ಧಾರ್ಮಿಕ ಕಲೆಯಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಇನ್ನೊಂದು ಯೋಂಗ್‌ಲೆ ಕಾಲದ ಪಿಂಗಾಣಿ ಕುಪ್ಪಿ, ಸುಮಾರು 47 ಸೆಂ.ಮೀ. ಎತ್ತರ. ಅದೇ ಉಬ್ಬು, ಅದೇ ಚಪ್ಪಟೆ ಬೆನ್ನು, ನಡುವೆ ಅದೇ ತಗ್ಗು.

ಈ ತಗ್ಗಿನಿಂದ ಪಿಂಗಾಣಿಗೆ ಯಾವ ಉಪಯೋಗವೂ ಇಲ್ಲ. ಹಿಡಿಕೆಯೂ ಅಷ್ಟೆ. ಲೋಹದ ಕುಪ್ಪಿಗೆ ಪಟ್ಟಿ ಪೋಣಿಸಿ ನೇತುಹಾಕಬಹುದು. ಈ ಗಾತ್ರದ ಪಿಂಗಾಣಿಗೆ ನೀರು ತುಂಬಿ ನೇತುಹಾಕಿದರೆ ಹಿಡಿಕೆ ಕಿತ್ತುಬರುತ್ತದೆ. ಕುಂಬಾರರ ಕಣ್ಣಮುಂದೆ ಇಂಥದ್ದೊಂದು ಲೋಹದ ಪಾತ್ರೆಯೋ ಅದರ ನಿಖರ ಮಾದರಿಯೋ ಇತ್ತು ಎಂದು ನಾನು ನಂಬಲು ಇದೇ ಕಾರಣ. ಬರೀ ಬಾಯಿಮಾತಿನ ವರ್ಣನೆ ಕೇಳಿ ಯಾರೂ ಬೆನ್ನಿನ ಕುಳಿಯನ್ನು ಮಾಡುವುದಿಲ್ಲ. ಬೆನ್ನಿಗೆ ಗ್ಲೇಜ್, ಅಂದರೆ ಗಾಜಿನಂಥ ಹೊಳಪಿನ ಲೇಪ, ಇಲ್ಲ ಎಂಬುದನ್ನೂ ಗಮನಿಸಿ. ಈ ಕುಪ್ಪಿ ನೆಟ್ಟಗೆ ನಿಲ್ಲುವುದಿಲ್ಲ, ಹಾಗಾಗಿ ಬೆನ್ನ ಮೇಲೆ ಮಲಗಿಸಿಯೇ ಬೇಯಿಸಬೇಕು. ಗ್ಲೇಜ್ ಇದ್ದರೆ ಅದು ಕರಗಿ ಕೆಳಗಿನ ಆಸರೆಗೆ ಅಂಟಿಕೊಳ್ಳುತ್ತದೆ.

ಚಿಕ್ಕ ಕುಪ್ಪಿಗಳ ಬಗೆ ಬೇರೆ. ಎರಡೂ ಮುಖ ಚಂದ್ರನಂತೆ ದುಂಡು, ಪಕ್ಕದಿಂದ ತೆಳು, ಕತ್ತಿನ ಮೇಲೆ ಸೋರೆಬುರುಡೆಯಂಥ ಉಬ್ಬು, ಎರಡು ಪಟ್ಟಿ ಹಿಡಿಕೆ. ಇಂಥ ಮೈ ತಿಗರಿಯ ಮೇಲೆ ಏಳುವುದಿಲ್ಲ. ಎರಡು ಅರ್ಧಗಳನ್ನು ಅಚ್ಚಿನಲ್ಲಿ ಒತ್ತಿ ತೆಗೆದು, ಅಂಚುಗಳನ್ನು ಕೆರೆದು ಒರಟು ಮಾಡಿ, ಅದೇ ಮಣ್ಣಿನ ಗಂಜಿಯಿಂದ ಕೂಡಿಸಬೇಕು. ಕತ್ತು ಬೇರೆ, ಹಿಡಿಕೆ ಬೇರೆ. ಕಷ್ಟ ಇರುವುದು ಇಲ್ಲೇ. ಕೇಓಲಿನ್ ಎಂಬ ಬಿಳಿ ಜೇಡಿ ಮತ್ತು ಪಿಂಗಾಣಿ ಕಲ್ಲಿನ ಪುಡಿ ಸೇರಿದ ಈ ಮಣ್ಣು ಒಣಗಿ ಬೇಯುವಷ್ಟರಲ್ಲಿ ಶೇ. 12ರಿಂದ 15ರಷ್ಟು ಕುಗ್ಗುತ್ತದೆ. ಒಂದು ಅರ್ಧ ಹೆಚ್ಚು ಒಣಗಿ ಇನ್ನೊಂದು ಹಸಿಯಾಗಿದ್ದರೆ ಕುಗ್ಗುವಿಕೆ ಹೊಂದದೆ ಬೆಸುಗೆ ಬಾಯಿಬಿಡುತ್ತದೆ. ಗೋಡೆ ತೀರಾ ತೆಳುವಾದರೆ 1280–1300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಣ್ಣು ಮೆತ್ತಗಾಗಿ ಚಪ್ಪಟೆ ಮುಖ ಒಳಕ್ಕೆ ಕುಸಿಯುತ್ತದೆ. ದುಂಡು ಹೂಜಿಗೆ ತನ್ನ ಕಮಾನೇ ಆಸರೆ. ಚಪ್ಪಟೆ ಮುಖಕ್ಕೆ ಆ ಭಾಗ್ಯವಿಲ್ಲ. ತಗಡು ಬಡಿಯುವವನಿಗೂ ಗಾಜು ಊದುವವನಿಗೂ ಈ ಚಿಂತೆ ಇರಲಿಲ್ಲ. ಜಿಂಗ್‌ಡೆಝೆನ್‌ನ ಝೂಶಾನ್‌ನಲ್ಲಿ, ಅರಮನೆಯ ಆವಿಗೆಗಳಿದ್ದ ಜಾಗದಲ್ಲಿ, ಒಡೆದು ಹೂತುಹಾಕಿದ ಪಿಂಗಾಣಿಯ ರಾಶಿಗಳೇ ಸಿಕ್ಕಿವೆ. ದೋಷವಿದ್ದದ್ದು ಅರಮನೆಗೂ ಹೋಗುವಂತಿರಲಿಲ್ಲ, ಪೇಟೆಗೂ ಹೋಗುವಂತಿರಲಿಲ್ಲ.

ಇನ್ನು ನೀಲಿ. ಒಣಗಿದ, ಇನ್ನೂ ಬೇಯಿಸದ ಮೈ ಮೇಲೆ, ನೀಲಿ ಕೊಡುವ ಲೋಹವಾದ ಕೊಬಾಲ್ಟ್‌ನ ಅದಿರಿನ ನುಣ್ಣನೆ ಪುಡಿಯನ್ನು ನೀರಿನಲ್ಲಿ ಕಲಸಿ ಕುಂಚದಿಂದ ಬರೆಯುತ್ತಾರೆ. ಮಣ್ಣು ತಕ್ಷಣ ಹೀರುತ್ತದೆ, ಅಳಿಸಿ ತಿದ್ದಲಾಗದು. ಮೇಲೆ ಗ್ಲೇಜ್ ಕೊಟ್ಟು ಒಂದೇ ಸಲ ಬೇಯಿಸುತ್ತಾರೆ. ಆವಿಗೆಯಲ್ಲಿ ಆಮ್ಲಜನಕ ಕಡಿಮೆ ಇರಬೇಕು. ಹೆಚ್ಚಾದರೆ ಗ್ಲೇಜಿನಲ್ಲಿರುವ ಅಲ್ಪ ಕಬ್ಬಿಣದಿಂದ ಬಿಳಿ ಹಳದಿಗೆ ತಿರುಗುತ್ತದೆ, ಕಡಿಮೆ ಇದ್ದರೆ ತಣ್ಣನೆಯ ನೀಲಿ ಛಾಯೆ ಬರುತ್ತದೆ. ಆಗಿನ ಒಳ್ಳೆಯ ಕೊಬಾಲ್ಟ್ ಪಶ್ಚಿಮದಿಂದ ಬರುತ್ತಿತ್ತು. ಇರಾನಿನ ಕಾಶಾನ್ ಬಳಿಯ ಕಮ್ಸರ್ ಇದಕ್ಕೆ ಹೆಸರಾದ ಊರು. ಕಾಶಾನಿನ ಅಬುಲ್ ಕಾಸಿಂ 1301ರಲ್ಲಿ ಬರೆದ ಕುಂಬಾರಿಕೆಯ ಗ್ರಂಥದಲ್ಲಿ ಅದರ ಪ್ರಸ್ತಾಪವಿದೆ. ಅದೇ ಗ್ರಂಥ ಕೊಡುವ ಪಾತ್ರೆಯ ಮಿಶ್ರಣ ಹತ್ತು ಪಾಲು ಬೆಣಚುಕಲ್ಲಿನ ಪುಡಿ, ಒಂದು ಪಾಲು ಗಾಜಿನ ಪುಡಿ, ಒಂದು ಪಾಲು ಬಿಳಿ ಜೇಡಿ. ಆ ಪಾತ್ರೆ ಪಿಂಗಾಣಿಯಷ್ಟು ಗಟ್ಟಿಯಲ್ಲ, ಅದರ ಕ್ಷಾರದ ಗ್ಲೇಜಿನಡಿ ಕೊಬಾಲ್ಟ್ ಹರಡಿಕೊಳ್ಳುತ್ತದೆ. ಇರಾನಿನ ಬಣ್ಣ ತನ್ನ ಅತ್ಯಂತ ಚೊಕ್ಕ ಗೆರೆಯನ್ನು ಕಂಡದ್ದು ಜಿಂಗ್‌ಡೆಝೆನ್‌ನಲ್ಲಿ.

ಪಶ್ಚಿಮದ ಈ ಅದಿರಿನಲ್ಲಿ ಕಬ್ಬಿಣ ಹೆಚ್ಚು, ಮ್ಯಾಂಗನೀಸ್ ಕಡಿಮೆ. ಚೀನಾದ ಸ್ಥಳೀಯ ಅದಿರು ಇದಕ್ಕೆ ತದ್ವಿರುದ್ಧ. ಅದರ ನೀಲಿ ಸ್ವಲ್ಪ ಬೂದಿ. ಪಶ್ಚಿಮದ ಅದಿರಿನಲ್ಲಿ ಕಬ್ಬಿಣ ಹೆಚ್ಚಿದ್ದರಿಂದ, ಕುಂಚ ತಡೆದು ಬಣ್ಣ ಮಡುಗಟ್ಟಿದ ಕಡೆ ಕಪ್ಪು ಚುಕ್ಕೆಗಳು ಏಳುತ್ತವೆ, ಓರೆ ಬೆಳಕಿನಲ್ಲಿ ಲೋಹದಂತೆ ಮಿನುಗುತ್ತವೆ, ಬೆರಳಾಡಿಸಿದರೆ ತುಸು ತಗ್ಗು ತಿಳಿಯುತ್ತದೆ. ಮೂಲದಲ್ಲಿ ಇದು ದೋಷವೇ. ನಂತರದವರು ಇದಕ್ಕೇ ಮಾರುಹೋದರು.

ಚಿತ್ತಾರದ ವಿಷಯದಲ್ಲಿ ಒಂದು ಮಾತು ಸಾಕು. ನಡುವಿನ ನಕ್ಷತ್ರ, ಅದರಿಂದ ಸುತ್ತಲೂ ಹೊರಡುವ ಎಸಳುಗಳ ಲೆಕ್ಕಾಚಾರ ಪಶ್ಚಿಮ ಏಷ್ಯಾದ್ದು. ಆದರೆ ಕೆಲವು ಚಂದ್ರಕುಪ್ಪಿಗಳಲ್ಲಿ ಆ ನಕ್ಷತ್ರದ ಹೃದಯದಲ್ಲಿ ಯಿನ್–ಯಾಂಗ್ ಎಂಬ ಚೀನೀ ಚಿಹ್ನೆ ಕೂತಿದೆ, ಸುತ್ತ ಚೀನೀ ಹೂಬಳ್ಳಿ ಹಬ್ಬಿದೆ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಯೋಂಗ್‌ಲೆ ಕಾಲದ ಒಂದು ಪೀಠದ ಮೇಲೆ ಅರಬ್ಬಿಯಂತೆ ಕಾಣುವ ಬರಹವಿದೆ. ಓದಿದರೆ ಅರ್ಥ ಬರುವುದಿಲ್ಲ. ಕುಂಚ ಹಿಡಿದವನಿಗೆ ಲಿಪಿ ಗೊತ್ತಿರಲಿಲ್ಲ, ಅಕ್ಷರದ ಲಯ ಮಾತ್ರ ಕಣ್ಣಿಗೆ ಹತ್ತಿತ್ತು.

ಈ ವಸ್ತುಗಳು ಪಶ್ಚಿಮಕ್ಕೆ ಹೋದ ಕಾಲವೂ ಇದೇ. ಮಿಂಗ್ ನೌಕಾಧಿಪತಿ ಝೆಂಗ್ ಹೆ ನಾಯಕತ್ವದ ಹಡಗುಗಳು 1405ರಿಂದ 1433ರವರೆಗೆ ಕಲ್ಲಿಕೋಟೆ, ಹೊರ್ಮುಜ್‌ಗಳತ್ತ ಬಂದವು. ಹೆರಾತಿನ ದೊರೆ ಶಾರುಖ್ 1419ರಲ್ಲಿ ಕಳಿಸಿದ ರಾಯಭಾರಿಗಳು ಯೋಂಗ್‌ಲೆ ಆಸ್ಥಾನ ಮುಟ್ಟಿದರು. 1611ರಲ್ಲಿ ಇರಾನಿನ ದೊರೆ ಷಾ ಅಬ್ಬಾಸ್ ಅರ್ದಬಿಲ್ ದರ್ಗಾಕ್ಕೆ ಒಪ್ಪಿಸಿದ ಸಾವಿರಕ್ಕೂ ಹೆಚ್ಚು ಪಿಂಗಾಣಿಗಳಲ್ಲಿ 15ನೇ ಶತಮಾನದವು ಸಾಕಷ್ಟಿವೆ.

ಕೊನೆಯದಾಗಿ, ಮ್ಯೂಸಿಯಮ್ಮಿನಲ್ಲಿ ಇಂಥದ್ದೊಂದು ಕುಪ್ಪಿ ಎದುರಾದರೆ ಕಾಲ ಹೇಗೆ ಗುರುತಿಸುವುದು? ದೊರೆಯ ಆಳ್ವಿಕೆಯ ಹೆಸರು ಹೇಳುವ ಮುದ್ರೆ ಇಲ್ಲ ಎಂಬ ಒಂದೇ ಕಾರಣಕ್ಕೆ ಅನುಮಾನಿಸಬೇಡಿ. ಯೋಂಗ್‌ಲೆ ಕಾಲದ ನೀಲಿ–ಬಿಳಿಯಲ್ಲಿ ಮುದ್ರೆ ಅಪರೂಪ, ಆರಕ್ಷರದ ಮುದ್ರೆ ವಾಡಿಕೆಯಾದದ್ದು ಶುವಾಂಡೆ ಕಾಲದಲ್ಲಿ. 18ನೇ ಶತಮಾನದಲ್ಲಿ ಯೋಂಗ್‌ಝೆಂಗ್ ಮತ್ತು ಚಿಯಾನ್‌ಲಾಂಗ್ ದೊರೆಗಳ ಕುಶಲಿಗಳು ಈ ಕುಪ್ಪಿಗಳನ್ನು ಮತ್ತೆ ಮಾಡಿದರು. ಅವರ ಬಳಿ ಇದ್ದದ್ದು ಶುದ್ಧಗೊಳಿಸಿದ ಸ್ಥಳೀಯ ಕೊಬಾಲ್ಟ್, ಕಪ್ಪು ಚುಕ್ಕೆ ತಾನಾಗಿ ಏಳದು. ಹಾಗಾಗಿ ಕುಂಚದ ತುದಿಯಿಂದ ದಟ್ಟ ನೀಲಿ ಚುಕ್ಕೆ ಇಟ್ಟರು. ಚುಕ್ಕೆಗಳು ಗೆರೆಯುದ್ದಕ್ಕೂ ಒಂದೇ ಅಳತೆಯಲ್ಲಿ, ಒಂದೇ ಅಂತರದಲ್ಲಿ ಬಿದ್ದಿದ್ದರೆ ಅದು 18ನೇ ಶತಮಾನದ ಕೈ. ಕುಂಚ ತಿರುಗಿದ, ನಿಂತ, ಬಣ್ಣ ಶೇಖರವಾದ ಜಾಗಗಳಲ್ಲಷ್ಟೇ ಇದ್ದರೆ 15ನೇ ಶತಮಾನದ್ದಿರುವ ಸಾಧ್ಯತೆ ಹೆಚ್ಚು.