ಹುಂಚದಲ್ಲಿ ಒಂದು ಮಳೆದಿನ: ಬಸದಿ, ಇಂಬಳ ಮತ್ತು ಹೊತ್ತು ಮುಳುಗುವ ಮುಂಚಿನ ಊಟ

ಈ ವಿಡಿಯೋಗೆ ಅಂತ ಹುಂಚದಲ್ಲಿ ಕ್ಯಾಮೆರಾ ಮುಂದೆ ಬೇಕಾದಷ್ಟು ಮಾತಾಡಿದ್ದೆ. ಮಳೆ ಸದ್ದಿಗೆ ಒಂದಕ್ಷರವೂ ಕೇಳಿಸುತ್ತಿಲ್ಲ. ಅದಕ್ಕೇ ಮನೆಗೆ ಬಂದು ಧ್ವನಿ ಕೂರಿಸುತ್ತಿದ್ದೇನೆ. ಈಗ ಕಾಣುತ್ತಿರುವುದು ರಿಪ್ಪನ್‌ಪೇಟೆ ದಾಟಿದ ಮೇಲಿನ ರಸ್ತೆ. ಅಂದರೆ, ವೈಪರ್. ಶಿವಮೊಗ್ಗದಿಂದ ಸುಮಾರು 60 ಕಿಲೋಮೀಟರ್, ಹೊಸನಗರ ತಾಲ್ಲೂಕು. ಊರವರ ಬಾಯಲ್ಲಿ ಹುಂಚ, ಬೋರ್ಡಿನ ಮೇಲೆ ಹೊಂಬುಜ. ಈ ಮಳೆಯಲ್ಲಿ ಯಾರಾದರೂ ಮಲೆನಾಡು ತಿರುಗುತ್ತಾರಾ ಅಂತ ಕಾಮೆಂಟ್ ಬರುತ್ತದೆ, ಗೊತ್ತು. ರಜೆ ಸಿಕ್ಕಿದ್ದೇ ಈಗ, ಏನು ಮಾಡಲಿ?

ಇದು ಪದ್ಮಾವತಿ ಅಮ್ಮನವರ ಬಸದಿ, ಅಂದರೆ ಜೈನರ ಗುಡಿ. ಸ್ಥಳದ ಕಥೆ ಹೀಗಿದೆ. ಜಿನದತ್ತರಾಯ ಅಂತ ಒಬ್ಬ ರಾಜಕುಮಾರ ಉತ್ತರದ ಮಧುರೆಯಲ್ಲಿ ಜೀವಕ್ಕೆ ಸಂಚಕಾರ ಬಂದಾಗ ದೇವಿಯ ವಿಗ್ರಹ ಹೊತ್ತುಕೊಂಡು ಕುದುರೆ ಏರಿ ಓಡಿ ಬಂದ. ಇಲ್ಲಿ ಲಕ್ಕಿ ಮರದ ಕೆಳಗೆ ಮಲಗಿದ. ಇಲ್ಲೇ ಊರು ಕಟ್ಟು ಅಂತ ದೇವಿ ಕನಸಲ್ಲಿ ಹೇಳಿದಳು. ವಿಗ್ರಹಕ್ಕೆ ಮುಟ್ಟಿಸಿದ ಕಬ್ಬಿಣ ಚಿನ್ನವಾಯಿತಂತೆ. ಇಲ್ಲಿ ಆಳಿದ ಸಾಂತರ ಅರಸರು ತಮ್ಮ ಮನೆತನದ ಮೂಲಪುರುಷ ಅಂತ ಹೇಳಿಕೊಂಡಿದ್ದು ಇವನನ್ನೇ.

ಕ್ಯೂ ನೋಡಿ. ಮಗಳ ಮದುವೆ, ಮಗನ ಕೆಲಸ, ಎಲ್ಲರಿಗೂ ಒಂದೊಂದು ಹರಕೆ. ಆದರೆ ಜೈನರ ಲೆಕ್ಕದಲ್ಲಿ ಜಗತ್ತನ್ನು ಸೃಷ್ಟಿ ಮಾಡಿದ ದೇವರು ಅಂತ ಯಾರೂ ಇಲ್ಲ. ತೀರ್ಥಂಕರರು ಗೆದ್ದವರು, ದಾಟಿದವರು. ಕೇಳಿದರೆ ಏನೂ ಕೊಡುವುದಿಲ್ಲ, ಬೈದರೆ ಸಿಟ್ಟೂ ಮಾಡಿಕೊಳ್ಳುವುದಿಲ್ಲ. ನಿನ್ನ ಕರ್ಮ ನೀನೇ ಕಳೆದುಕೊಳ್ಳಬೇಕು. ಪದ್ಮಾವತಿ 23ನೇ ತೀರ್ಥಂಕರ ಪಾರ್ಶ್ವನಾಥರ ಯಕ್ಷಿ, ಅಂದರೆ ಕಾವಲು ದೇವತೆ, ಹಾಗಾಗಿ ಹರಕೆಯೆಲ್ಲ ಅವಳ ಪಾಲಿಗೆ. ಪಕ್ಕದ ಪಾರ್ಶ್ವನಾಥರ ಬಸದಿಯಲ್ಲಿ ಜನ ಅಷ್ಟಿರಲಿಲ್ಲ. ನನಗೇನೂ ಆಶ್ಚರ್ಯ ಆಗಲಿಲ್ಲ. ಕೊಡದ ದೇವರ ಮುಂದೆ ಯಾರು ತಾನೇ ಜಾಸ್ತಿ ಹೊತ್ತು ನಿಲ್ಲುತ್ತಾರೆ?

ಹಾಂ, ಜೈನ ಧರ್ಮ ಶುರು ಮಾಡಿದ್ದು ಮಹಾವೀರ ಅಂತ ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ, ಅಲ್ವಾ? ಜೈನರ ಪ್ರಕಾರ ಮಹಾವೀರ 24ನೆಯ ತೀರ್ಥಂಕರರು, ಕೊನೆಯವರು. ಮೊದಲಿನವರು ವೃಷಭನಾಥ. ಮಹಾವೀರರು ಈಗಿನ ಬಿಹಾರದ ವೈಶಾಲಿ ಕಡೆಯವರು. 30ಕ್ಕೆ ಮನೆ ಬಿಟ್ಟರು, 12 ವರ್ಷ ತಪಸ್ಸು ಮಾಡಿದರು, 72ಕ್ಕೆ ಪಾವಾಪುರಿಯಲ್ಲಿ ನಿರ್ವಾಣ. ಸಂಪ್ರದಾಯದ ಲೆಕ್ಕದಲ್ಲಿ ಕ್ರಿ.ಪೂ. 527. ಜೈನರ ಮನೆಯ ದೀಪಾವಳಿ ಅದೇ ನಿರ್ವಾಣದ ದಿನ.

ಇದು ಪಂಚಬಸದಿ. 1077ರಲ್ಲಿ ರಾಣಿ ಚಟ್ಟಲದೇವಿ ಕಟ್ಟಿಸಿದ್ದು, ತೀರಿಹೋದ ತನ್ನವರ ನೆನಪಿಗೆ. ಮುಂದೆ ನಿಂತಿರುವುದು ಮಾನಸ್ತಂಭ. ಶಾಟ್ ಚಿಕ್ಕದಾಯಿತು. ಛತ್ರಿ ಹಿಡಿಯುವ ಕೈ, ಕ್ಯಾಮೆರಾ ಹಿಡಿಯುವ ಕೈ, ಇರುವುದೇ ಎರಡು.

ಈಗ ಗುಡ್ಡದ ಬಸದಿಗೆ ಹತ್ತುತ್ತಿದ್ದೇವೆ. ಬಾಹುಬಲಿ ಇರುವ ಬಸದಿ, ವಿಕ್ರಮ ಸಾಂತರನ ಕಾಲದ್ದು, ಅಂದರೆ 9ನೇ ಶತಮಾನದ ಕೊನೆ. ನನ್ನ ಜೊತೆ ಇರುವುದು ಸ್ನೇಹಿತ ಮತ್ತು ಅವನ ಅಮ್ಮ. ಇದೇ ಕಡೆಯ ಜೈನರು, ಅಡಿಕೆ ತೋಟದವರು. ಇಲ್ಲಿ ಕ್ಯಾಮೆರಾ ಯಾಕೆ ಅಲ್ಲಾಡಿತು ಅಂದರೆ, ಇಂಬಳ, ರಕ್ತ ಹೀರುವ ಜಿಗಣೆ. ಹಿಮ್ಮಡಿ ಮೇಲೆ ಒಂದು, ಬೆರಳಿನ ಸಂದಿಯಲ್ಲಿ ಒಂದು. ನಾನು ಮೊದಲೇ ಜೇಬಲ್ಲಿ ಉಪ್ಪಿನ ಪೊಟ್ಟಣ ಇಟ್ಟುಕೊಂಡಿದ್ದೆ. ಮಲೆನಾಡಿನವರಿಗೆ ಇದೆಲ್ಲ ಹೇಳಿಕೊಡಬೇಕಾ? ಉಪ್ಪು, ಸುಣ್ಣ, ಹೊಗೆಸೊಪ್ಪು, ಯಾವುದಾದರೂ ಸರಿ. ಪೊಟ್ಟಣ ಬಿಚ್ಚಿದ್ದೇ ತಡ, ಅಮ್ಮ ಕೈ ಹಿಡಿದುಕೊಂಡರು. "ಬಿಡು ಮಾರಾಯ, ಹೊಟ್ಟೆ ತುಂಬಿದರೆ ಅದೇ ಬೀಳುತ್ತದೆ." ಬೀಳುತ್ತದೆ ಸರಿ, ಯಾವಾಗ? ಅರ್ಧ ಗಂಟೆ ನಿಂತು ರಕ್ತದಾನ ಮಾಡುವುದಾ?

ಅವರು ಅಲ್ಲೇ ನಿಂತು ಪಾಠವನ್ನೂ ಮಾಡಿದರು. ಮಣ್ಣು, ನೀರು, ಬೆಂಕಿ, ಗಾಳಿ, ಗಿಡ, ಇವಕ್ಕೆ ಒಂದೇ ಇಂದ್ರಿಯ, ಸ್ಪರ್ಶ ಮಾತ್ರ. ಹುಳ, ಇಂಬಳಕ್ಕೆ ಎರಡು: ಮುಟ್ಟಿದ್ದು ತಿಳಿಯುತ್ತದೆ, ರುಚಿ ತಿಳಿಯುತ್ತದೆ. ಇರುವೆಗೆ ಮೂಗು ಸೇರಿ ಮೂರು. ಜೇನು, ನೊಣಕ್ಕೆ ಕಣ್ಣು ಸೇರಿ ನಾಲ್ಕು. ಕಿವಿಯೂ ಇರುವ ನಮಗೆ ಐದು. ನನ್ನ ರುಚಿ ಇಂಬಳಕ್ಕೆ ಚೆನ್ನಾಗೇ ಹಿಡಿಸಿತ್ತು ಬಿಡಿ. ಕೊನೆಗೆ ಅವರೇ ಉಗುರಿನ ಅಂಚಿನಿಂದ ಚರ್ಮಕ್ಕೆ ಒತ್ತಿ ಜಾರಿಸಿ, ಎರಡನ್ನೂ ಎಲೆ ಮೇಲೆ ತಗೊಂಡು ಪಕ್ಕಕ್ಕೆ ಬಿಟ್ಟರು. ಇಂಬಳ ಬದುಕಿತು. ನನ್ನ ರಕ್ತ ಮಾತ್ರ ನಿಲ್ಲಲೇ ಇಲ್ಲ. ಕಚ್ಚುವಾಗ ರಕ್ತ ಹೆಪ್ಪುಗಟ್ಟದ ಹಾಗೆ ಏನೋ ಬಿಡುತ್ತದಲ್ಲ, ಅದು. ಹೊಸ ಬಿಳಿ ಪಂಚೆ. ಬಸದಿಗೆ ಅಂತಲೇ ತಗೊಂಡಿದ್ದು. ಅಂಚಿನ ತುಂಬ ಕಲೆ, ಸೋಪು ಹಾಕಿ ಉಜ್ಜಿದರೂ ಹೋಗಿಲ್ಲ. ಮೇಲೆ ಬಾಹುಬಲಿ ಮೈಗೆ ಬಳ್ಳಿ ಹಬ್ಬಿದರೂ ಅಲ್ಲಾಡದೆ ನಿಂತಿದ್ದಾನೆ. ಅವನಿಗೆ ಪಂಚೆ ಇಲ್ಲ, ಕಲೆಯ ಚಿಂತೆಯೂ ಇಲ್ಲ.

ಇಳಿಯುವಾಗ ಒಂದು ವಿಷಯ ತಲೆಗೆ ಹೋಯಿತು. ಮುನಿಗಳು ಮಳೆಗಾಲದ ನಾಲ್ಕು ತಿಂಗಳು ಚಾತುರ್ಮಾಸ ಅಂತ ಒಂದೇ ಊರಲ್ಲಿ ಉಳಿಯುತ್ತಾರೆ. ಉಳಿದ ಕಾಲದಲ್ಲಿ ಊರಿಂದೂರಿಗೆ ನಡಿಗೆ. ಕೈಯಲ್ಲಿ ನವಿಲುಗರಿಯ ಪಿಂಛಿ, ಒಂದು ಕಮಂಡಲ, ಅಷ್ಟೇ ಆಸ್ತಿ. ಮಳೆಯಲ್ಲಿ ನಡೆದರೆ ಪ್ರತಿ ಹೆಜ್ಜೆಗೂ ಏನಾದರೊಂದು ಸಾಯುತ್ತದೆ, ಅದಕ್ಕೇ ಈ ನಿಯಮ. ಹಿಂದೆ ಓದಿದಾಗ ಅತಿ ಅನ್ನಿಸಿತ್ತು. ಈ ಮೆಟ್ಟಿಲು ನೋಡಿ, ಕಾಲಿಡೋಕೆ ಜಾಗ ಇದೆಯಾ?

ಇದು ಅವರ ತೋಟ. ಅಡಿಕೆ ಗೊನೆಗೆ ಕಟ್ಟಿದ ಪ್ಲಾಸ್ಟಿಕ್ ಕೊಟ್ಟೆ ಕಾಣುತ್ತಿದೆಯಲ್ಲ, ಕೊಳೆ ರೋಗಕ್ಕೆ. ಕಟ್ಟದ ಮರಕ್ಕೆ ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣದ ದ್ರಾವಣ, ಹೊಡೆಸುತ್ತಾರೆ. ನಾನು ನೇರವಾಗಿ ಕೇಳಿಯೇಬಿಟ್ಟೆ, ಇಂಬಳಕ್ಕೆ ಉಪ್ಪು ಹಾಕಬಾರದು, ತೋಟಕ್ಕೆ ಔಷಧಿ ಹೊಡೆಯಬಹುದಾ ಅಂತ. ಸ್ನೇಹಿತ ನಕ್ಕ. ಗೃಹಸ್ಥರಿಗೆ ಇರುವುದು ಅಣುವ್ರತ, ಅಂದರೆ ಸಡಿಲ ನಿಯಮ, ಮುನಿಗಳಿಗೆ ಕಟ್ಟುನಿಟ್ಟಿನ ಮಹಾವ್ರತ. ಬೇಕೂಂತಲೇ ಕೊಲ್ಲುವುದು ಸಂಕಲ್ಪ ಹಿಂಸೆ, ಅದನ್ನು ಎಲ್ಲರೂ ಬಿಡಲೇಬೇಕು. ಅಡುಗೆಮನೆಯಲ್ಲಿ, ಕಸುಬಿನಲ್ಲಿ, ಮೈಮೇಲೆ ಬಂದವನನ್ನು ತಡೆಯುವಾಗ ಆಗುವುದು ಬೇರೆ. ಅದನ್ನು ಆದಷ್ಟು ಕಡಿಮೆ ಮಾಡಬೇಕು. ಅನುಕೂಲಕ್ಕೆ ಮಾಡಿಕೊಂಡ ದಾರಿ ಅಂತ ಅವನ ಮುಖಕ್ಕೇ ಹೇಳಿದೆ. ಆದರೆ ಯೋಚಿಸಿ, ಶ್ರವಣಬೆಳಗೊಳದ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯ ಗಂಗರ ದಂಡನಾಯಕ, ಯುದ್ಧ ಗೆದ್ದವನು. ಈ ವಿಂಗಡಣೆ ಇಲ್ಲದಿದ್ದರೆ ರಾಜರೂ ರೈತರೂ ಈ ಧರ್ಮದಲ್ಲಿ ಉಳಿಯೋಕೆ ಆಗುತ್ತಿರಲಿಲ್ಲ. ಬೋರ್ಡೋ ವಿಷಯದಲ್ಲಿ ಮಾತ್ರ ನನಗಿನ್ನೂ ಅನುಮಾನ ಇದೆ.

ಊಟ. ಗಂಟೆ ಐದೂವರೆ, ಹೊತ್ತು ಮುಳುಗುವ ಮುಂಚೆ ಮುಗಿಸಬೇಕು. ಬಾಳೆಕಾಯಿ ಪಲ್ಯ, ಸೌತೆಕಾಯಿ ಹುಳಿ, ಅನ್ನ, ಮಜ್ಜಿಗೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲ. ಗಡ್ಡೆ ಕಿತ್ತರೆ ಗಿಡವೇ ಹೋಯಿತು, ಅದರೊಳಗೆ ಲೆಕ್ಕವಿಲ್ಲದಷ್ಟು ಜೀವ ಅನ್ನುವುದು ಅವರ ನಂಬಿಕೆ. ಜೇನುತುಪ್ಪವೂ ಇಲ್ಲ! ಮದ್ಯ, ಮಾಂಸದ ಸಾಲಿನಲ್ಲೇ ಮಧು. ಮಲೆನಾಡಲ್ಲಿದ್ದು ಜೇನು ಬಿಡುವುದು ನನ್ನ ಕೈಲಂತೂ ಆಗದ ಕೆಲಸ. ಹುಳಿ ಮಾತ್ರ ಎರಡು ಸಲ ಹಾಕಿಸಿಕೊಂಡೆ.

ಇದು ವಾಪಸ್ ರಸ್ತೆ, ಕತ್ತಲೆ, ಮತ್ತೆ ವೈಪರ್. ಒಂಬತ್ತಕ್ಕೆ ಹಸಿವು ಶುರು. ದಾರಿಯಲ್ಲಿ ಒಂದು ಗಾಡಿ ಹತ್ತಿರ ನಿಲ್ಲಿಸಿ ಈರುಳ್ಳಿ ತುಂಬಿದ ಮಿರ್ಚಿ ತಿಂದೆ. ಸ್ನೇಹಿತ ಬರೀ ಬಿಸಿನೀರು ಕುಡಿದ. ಶುಕ್ರವಾರ ಹೋಗುವವರಿದ್ದರೆ ಬೆಳಿಗ್ಗೆ ಬೇಗ ಹೊರಡಿ, ರಶ್ ಇರುತ್ತದೆ. ಬಿಳಿ ಪಂಚೆ ಬೇಡ.