ತೋಳು ಕೊಟ್ಟವರಿಗೆ ಲೆಕ್ಕ

ಕೇಳುಗರೇ, ನಮಸ್ಕಾರ.

1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಬೆಳಕಿಗೆ ಬಂದ ಜ್ವರವನ್ನು ಮಲೆನಾಡಿಗರಿಗೆ ನಾನು ವಿವರಿಸಬೇಕಿಲ್ಲ. ಮಂಗನ ಕಾಯಿಲೆಯ ಲಸಿಕೆ ಚುಚ್ಚಿದರೆ ವಿಪರೀತ ನೋವು. ಮೊದಲ ಸೂಜಿಯ ನೋವು ನೆನಪಿದ್ದೂ ತಿಂಗಳ ನಂತರ ಅದೇ ಅಂಗನವಾಡಿ ಜಗುಲಿಯಲ್ಲಿ ಕುಳಿತು, ಸೆರಗು ಸರಿಸಿ, ಕಣ್ಣು ಮುಚ್ಚಿ ತೋಳು ಚಾಚಿದ ನನ್ನ ತಾಯಿಯ ಮುಖ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆ ಲಸಿಕೆ ಎಷ್ಟು ಕಾಯುತ್ತಿತ್ತು? 1990ರಿಂದ 92ರವರೆಗಿನ ಅಧ್ಯಯನ ಎರಡು ಡೋಸಿಗೆ ಶೇ 93.5ರಷ್ಟು ರಕ್ಷಣೆ ಎಂದಿತು. 2005ರಿಂದ 2010ರವರೆಗಿನ ದಾಖಲೆಗಳನ್ನು ಜಾಲಾಡಿ 2013ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಅದು ಶೇ 62.4ಕ್ಕೆ ಇಳಿಯಿತು, ಬೂಸ್ಟರ್ ಸೇರಿದರೆ ಶೇ 82.9. ಇಳಿದ ಅಂಕಿಯನ್ನು ಮುಚ್ಚಿಡದೆ ಬರೆದವರ ಬಗ್ಗೆ ನನಗೆ ತುಂಬು ಗೌರವ. ಲಸಿಕೆ ಹಾಕಿಸಿಕೊಂಡವರೂ ಜ್ವರ ಹರಡುವ ಉಣುಗು ಕಚ್ಚದಂತೆ ತಡೆಯುವ ತೈಲ ಹಚ್ಚಿಕೊಳ್ಳದೆ ಕಾಡಿನ ಒಣಗಿದೆಲೆ, ಅಂದರೆ ದರಗು, ಗುಡಿಸಲು ಹೋಗಬಾರದು ಎಂಬ ಮಾತಿಗೆ ಆ ಅಂಕಿಯೇ ಆಧಾರ.

ಕೀಳು ದರ್ಜೆಯ ಅಡಕೆಯಾದ ಗೊರಬಲನ್ನು ಚೀಲದ ಅಡಿಗೆ ಹಾಕಿ, ಮೇಲೆ ಒಳ್ಳೆಯ ದರ್ಜೆಯ ರಾಶಿ ಅಡಕೆ ಹರಡಿ ಮಂಡಿಗೆ ಒಯ್ದರೆ ನಾವು ಅದನ್ನು ಮೋಸ ಎನ್ನುತ್ತೇವೆ. ಔಷಧದ ಸಂಶೋಧನೆಯಲ್ಲೂ ಇದು ನಡೆದಿದೆ. ಪ್ಯಾರಾಕ್ಸಿಟೀನ್ ಎಂಬ ಖಿನ್ನತೆಯ ಮಾತ್ರೆ ಹದಿಹರೆಯದವರಿಗೆ ಪರಿಣಾಮಕಾರಿ, ಸುರಕ್ಷಿತ ಎಂದು 2001ರಲ್ಲಿ ಒಂದು ಪ್ರಬಂಧ ಹೇಳಿತು. ಆ ಅಧ್ಯಯನಕ್ಕೆ ಹಣ ಕೊಟ್ಟದ್ದು ಮಾತ್ರೆಯ ಕಂಪನಿಯೇ. ಮೂಲ ದಾಖಲೆಗಳನ್ನು ಬೇರೆ ಸಂಶೋಧಕರು ತೆರೆದು ನೋಡಿ 2015ರಲ್ಲಿ ಪ್ರಕಟಿಸಿದಾಗ ಪರಿಣಾಮವೂ ಕಾಣಲಿಲ್ಲ, ಸುರಕ್ಷತೆಯೂ ಕಾಣಲಿಲ್ಲ. ಆತ್ಮಹತ್ಯೆಯ ಯೋಚನೆ ಹೆಚ್ಚಿದ್ದು ಕಂಡಿತು. ನಡುವೆ ಹದಿನಾಲ್ಕು ವರ್ಷ. ಆ ಮಾತ್ರೆ ನುಂಗಿದ್ದು ಮಕ್ಕಳು.

ಇಂಥ ಮೋಸವನ್ನು ತಡೆಯಲೆಂದೇ ಪ್ರಯೋಗ ಶುರುವಾಗುವ ಮೊದಲೇ ಏನನ್ನು ಅಳೆಯುತ್ತೇವೆ ಎಂದು ಬರೆದಿಡುವ ನಿಯಮ ಬಂತು. ನಮ್ಮ ದೇಶದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ, ಸಿಟಿಆರ್‌ಐ, 2007ರಲ್ಲಿ ತೆರೆಯಿತು. 2009ರ ಜೂನ್ 15ರಿಂದ ನೋಂದಣಿ ಕಡ್ಡಾಯವಾಯಿತು. ಮೊಬೈಲ್ ಇರುವ ಯಾರೂ ಅದನ್ನು ಉಚಿತವಾಗಿ ನೋಡಬಹುದು. ಆದರೆ ನೋಂದಾಯಿಸಿ ಫಲಿತಾಂಶ ಹೇಳದೆ ಸುಮ್ಮನಾದರೆ, ಅದು ಬೀಜ ಬಿತ್ತಿದ್ದನ್ನು ಹೇಳಿ ಬೆಳೆಯನ್ನು ಬಚ್ಚಿಟ್ಟಂತೆ.

ಮಂಗನ ಕಾಯಿಲೆಯ ಹಳೆಯ ಲಸಿಕೆ 2022ರಲ್ಲಿ ನಿಂತಿದೆ, ಹೊಸದರ ಕೆಲಸ ಸಾಗಿದೆ. ನಾಳೆ ನಮ್ಮ ಬಾಗಿಲಿಗೂ ಯಾರಾದರೂ ಪ್ರಯೋಗದ ಒಪ್ಪಿಗೆ ಪತ್ರ ಹಿಡಿದು ಬರಬಹುದು. ಧಾರಾಳವಾಗಿ ಒಪ್ಪಿ, ಆದರೆ ಕನ್ನಡದಲ್ಲಿ ಓದಿಸಿಕೊಂಡು, ನೋಂದಣಿ ಸಂಖ್ಯೆ ಬರೆದುಕೊಂಡು ಒಪ್ಪಿ. ಸಹಿಯಾದ ಪತ್ರದ ಪ್ರತಿ ನಿಮಗೆ ಸಲ್ಲಬೇಕೆಂದು ಔಷಧ ಪ್ರಯೋಗಗಳ 2019ರ ನಿಯಮಗಳೇ ಹೇಳುತ್ತವೆ.

ನನ್ನ ದೊಡ್ಡಪ್ಪ ಒಂದು ಔಷಧದ ಪ್ರಯೋಗಕ್ಕೆ ಸೇರಿದ್ದರು. ಫಲಿತಾಂಶ ಏನಾಯಿತೆಂದು ಇಂದಿಗೂ ಕೇಳುತ್ತಾರೆ. ಮೂವತ್ತು ವರ್ಷದ ಮಂಡಿ ಚೀಟಿಗಳನ್ನು ತಗಡಿನ ಪೆಟ್ಟಿಗೆಯಲ್ಲಿ ಜೋಪಾನ ಮಾಡಿರುವ ಅವರ ಬಳಿ ತಾವು ಸಹಿ ಹಾಕಿದ ಆ ಒಂದು ಕಾಗದ ಮಾತ್ರ ಇಲ್ಲ.

ನಮಸ್ಕಾರ.