ಆ ಮಂಜು ಕಪ್ಪು-ಬಿಳುಪಾಗಿತ್ತು

ವಿಡಿಯೋ ಗೇಮ್ ಹುಚ್ಚಿನವರು ನಾಲ್ಕು ಜನ ಸೇರಿದರೆ ಒಂದು ಮಾತು ಬಂದೇ ಬರುತ್ತದೆ. "ಈ ಗೇಮನ್ನ ಪೂರ್ತಿ ಮರೆತು, ಮತ್ತೆ ಮೊದಲನೇ ಸಲದ ಥರ ಆಡೋ ಹಾಗಿದ್ದಿದ್ರೆ!" ನಾನೂ ಹೇಳಿದ್ದೇನೆ. ಕೈಯಲ್ಲಿ ಕಾಫಿ ಲೋಟ ಹಿಡಿದು, ಕಣ್ಣು ಮೇಲೆ ಮಾಡಿ, ಏನೋ ದೊಡ್ಡ ಮಾತಾಡಿದವನ ಹಾಗೆ. ಇವತ್ತು ಆ ಮಾತನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಮರೆಯುವ ಗುಳಿಗೆಯನ್ನು ಯಾರಾದರೂ ಮನೆಬಾಗಿಲಿಗೇ ತಂದುಕೊಟ್ಟರೂ ನಾನು ನುಂಗಲ್ಲ.

ನನ್ನ ಗೇಮ್ ಸೈಲೆಂಟ್ ಹಿಲ್ 2. ಜಪಾನಿನ ಕೊನಾಮಿ ಕಂಪನಿಯದು, 2001ರಲ್ಲಿ ಪ್ಲೇಸ್ಟೇಷನ್ 2ಕ್ಕೆ, ಅಂದರೆ ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರಕ್ಕೆ ಬಂತು. ಜೇಮ್ಸ್ ಅಂತ ಒಬ್ಬ. ಅವನಿಗೆ ಹೆಂಡತಿಯಿಂದ ಕಾಗದ ಬರುತ್ತದೆ, ಸೈಲೆಂಟ್ ಹಿಲ್ ಊರಿನಲ್ಲಿ, ನಮ್ಮಿಬ್ಬರ ಆ ಜಾಗದಲ್ಲಿ ಕಾಯುತ್ತಿದ್ದೇನೆ ಅಂತ. ಹೆಂಡತಿ ಸತ್ತು ಆಗಲೇ ಮೂರು ವರ್ಷ. ಇಷ್ಟೇ. ಇದಕ್ಕಿಂತ ಜಾಸ್ತಿ ಕತೆ ನನ್ನ ಬಾಯಿಂದ ಬರಲ್ಲ. ಆಡದವರು ಇನ್ನೂ ಇದ್ದೀರಿ, ನಿಮ್ಮ ಪುಣ್ಯ.

ನಾನು ಆಡಿದ್ದು 2003ರ ಡಿಸೆಂಬರ್‌ನಲ್ಲಿ, ಜಾಲಹಳ್ಳಿಯ ದೊಡ್ಡಪ್ಪನ ಮನೆಯಲ್ಲಿ. ನನಗೆ ಹದಿನೈದು. ಆ ವಯಸ್ಸಿಗೆ ಆಡುವಂಥದ್ದಲ್ಲ ಅದು, ಆದರೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಾತ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಿಂದ ರಿಟೈರ್ ಆದವರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಶುರುವಾದ ಫ್ಯಾಕ್ಟರಿ ಅದು. ಹಾಗಾಗಿ ಜಪಾನಿನವರ ಕೆಲಸ ಅಂದರೆ ತಾತನಿಗೆ ಭಾರಿ ಗೌರವ. ನಾವು ಟಿವಿ ಮುಂದೆ ಕೂತಿದ್ದು ನೋಡಿ ಒಂದೇ ಪ್ರಶ್ನೆ ಕೇಳಿದರು. "ಯಾರು ಮಾಡಿದ್ದೋ ಇದು?" ಜಪಾನಿನವರು ತಾತ ಅಂದೆ. "ಹಾಗಾದ್ರೆ ಆಡ್ಕೊಳ್ಳಿ." ಅನುಮತಿ ಸಿಕ್ಕಿದ್ದು ಹೀಗೆ.

ಪ್ಲೇಸ್ಟೇಷನ್ ಅಣ್ಣನದು, ಅಂದರೆ ದೊಡ್ಡಪ್ಪನ ಮಗನದು. ಅವನ ಸೋದರಮಾವ ದುಬೈನಿಂದ ತಂದುಕೊಟ್ಟಿದ್ದು. ಯಾವ ದೇಶದ ಡಿಸ್ಕ್ ಆದರೂ ಓಡಲಿ ಅಂತ ಒಳಗೆ ಚಿಪ್ ಹಾಕಿಸಿಯಾಗಿತ್ತು. ಡಿಸ್ಕ್ ಮೆಜೆಸ್ಟಿಕ್ ಹತ್ತಿರದ ಒಂದು ಪುಟ್ಟ ಅಂಗಡಿಯದು, ತೆಳ್ಳನೆ ಪ್ಲಾಸ್ಟಿಕ್ ಕವರ್, ಅದರೊಳಗೆ ಮಸುಕಾದ ಜೆರಾಕ್ಸ್ ಚಿತ್ರ. ಅಸಲಿಯೋ ನಕಲಿಯೋ ಅಂತ ಕೇಳಬೇಡಿ. ಟಿವಿ 21 ಇಂಚಿನ ಡಬ್ಬಾ. ಮೇಲೆ ಅಜ್ಜಿ ಕಸೂತಿ ಹಾಕಿದ ಬಟ್ಟೆ.

ಈಗ ಮಜಾ ಕೇಳಿ. ಪ್ಲೇಸ್ಟೇಷನ್ ಆನ್ ಮಾಡಿದರೆ ಮೊದಲ ಪರದೆ ಬಣ್ಣದಲ್ಲೇ ಬರುತ್ತಿತ್ತು. ಗೇಮ್ ಶುರುವಾಗುತ್ತಿದ್ದಂತೆ ಪೂರ್ತಿ ಕಪ್ಪು-ಬಿಳುಪು. ಕಾರಣ ಆಮೇಲೆ ತಿಳಿಯಿತು. ಡಿಸ್ಕ್ ಅಮೆರಿಕದ್ದು, ಅಲ್ಲಿ ಟಿವಿಗೆ ಬಣ್ಣ ಕಳಿಸುವ ಪದ್ಧತಿ ಎನ್‌ಟಿಎಸ್‌ಸಿ. ನಮ್ಮಲ್ಲಿ ಪಾಲ್. ಪಾಲ್ ಮಾತ್ರ ಗೊತ್ತಿರುವ ಹಳೇ ಟಿವಿಗೆ ಎನ್‌ಟಿಎಸ್‌ಸಿ ಕೊಟ್ಟರೆ ಬೆಳಕು-ಕತ್ತಲೆ ತಿಳಿಯುತ್ತದೆ, ಬಣ್ಣ ತಿಳಿಯಲ್ಲ. ನಮಗೆ ಇದ್ಯಾವುದೂ ಗೊತ್ತಿಲ್ಲ. ಬೇಕಂತಲೇ ಹಾಗೆ ಮಾಡಿದ್ದಾರೆ ಅಂದುಕೊಂಡೆವು. "ಜಪಾನಿನವರು ಕಣೋ, ತಲೆ ನೋಡು" ಅಂತ ಅಣ್ಣ ಹೊಗಳಿದ್ದೇ ಹೊಗಳಿದ್ದು.

ಜೇಮ್ಸ್ ಶುರುವಿನಲ್ಲಿ ಒಂದು ಕೊಳಕು ಟಾಯ್ಲೆಟ್‌ನಲ್ಲಿ ಕನ್ನಡಿ ನೋಡುತ್ತಾ ನಿಂತಿರುತ್ತಾನೆ. ಹೊರಗೆ ಕಾರು, ಕಾರಿನಲ್ಲಿ ಊರಿನ ನಕ್ಷೆ. ಆಮೇಲೆ ಕಾಡಿನ ದಾರಿಯಲ್ಲಿ ಇಳಿಯಬೇಕು. ಎಷ್ಟು ದೂರ ಅಂತೀರಿ! ಇಳಿಯುತ್ತಲೇ ಇರಬೇಕು. ಏನೂ ಬರಲ್ಲ. ಯಾರೂ ಇಲ್ಲ. ಎರಡೂ ಕಡೆ ಮಂಜು, ಕಾಲ ಕೆಳಗೆ ಹೆಜ್ಜೆ ಸದ್ದು. ಅದಕ್ಕೆ ಮುಂಚೆ ನಾನು ಆಡಿದ್ದ ಗೇಮ್‌ಗಳಲ್ಲಿ ಎರಡು ನಿಮಿಷಕ್ಕೆ ಯಾರನ್ನಾದರೂ ಹೊಡೆದಾಗಿರುತ್ತಿತ್ತು. ಇಲ್ಲಿ ಸುಮ್ನೆ ನಡೆಯುವುದು. "ಏನೂ ಆಗ್ತಾನೇ ಇಲ್ವಲ್ಲೋ" ಅಂದ ಅಣ್ಣ. ಆದರೆ ಅವನ ದನಿ ಆಗಲೇ ಸಣ್ಣದಾಗಿತ್ತು.

ಆ ಮಂಜಿನ ಕತೆ ನಿಮಗೆ ಗೊತ್ತಿರಬಹುದು. 1999ರಲ್ಲಿ ಮೊದಲ ಸೈಲೆಂಟ್ ಹಿಲ್ ಬಂದದ್ದು ಹಳೇ ಪ್ಲೇಸ್ಟೇಷನ್‌ಗೆ. ಆ ಯಂತ್ರಕ್ಕೆ ಇಡೀ ಬೀದಿಯನ್ನು ದೂರದವರೆಗೆ ಬಿಡಿಸಿ ತೋರಿಸುವ ತಾಕತ್ತು ಇರಲಿಲ್ಲ. ಹತ್ತಿರದ್ದನ್ನಷ್ಟೇ ಬಿಡಿಸಿ, ಉಳಿದದ್ದರ ಮೇಲೆ ಮಂಜು, ಕತ್ತಲೆ ಹೊದಿಸಿದರು. ಬಡತನ ಮುಚ್ಚಲು ಹೊದ್ದ ಶಾಲು ಅದು. ಅದೇ ಆ ಊರಿನ ಗುರುತಾಯಿತು. ಎರಡನೇ ಗೇಮ್ ಹೊತ್ತಿಗೆ ಯಂತ್ರ ಬಲವಾಗಿತ್ತು, ಆದರೂ ಶಾಲು ತೆಗೆಯಲಿಲ್ಲ. ಬುದ್ಧಿವಂತರು. 2012ರಲ್ಲಿ ಎಚ್‌ಡಿ ಅಂತ ಒಂದು ಆವೃತ್ತಿ ಬಂತು, ಅದರಲ್ಲಿ ಮಂಜು ತೆಳ್ಳಗಾಗಿ ಕೆರೆಯ ನೀರು ಎಲ್ಲಿ ಮುಗಿಯುತ್ತದೆ ಅನ್ನುವ ಅಂಚೇ ಕಾಣಿಸಿಬಿಟ್ಟಿತು. ಕಂಪನಿ ನಾಟಕದಲ್ಲಿ ಪರದೆ ಅರ್ಧ ಮೇಲೆದ್ದು, ಹಿಂದೆ ಭೀಮ ಬೀಡಿ ಸೇದುತ್ತಾ ಕೂತಿರುವುದು ಕಂಡರೆ ಹೇಗೆ? ಹಾಗೆ.

ನಮ್ಮ ಮನೆಯಲ್ಲಿ ಬಡತನದ ಶಾಲು ಇನ್ನೂ ಎರಡು ಸುತ್ತು ಜಾಸ್ತಿ. ಬಣ್ಣ ಇಲ್ಲ. ಇಂಗ್ಲಿಷ್ ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ಸೇವ್ ಮಾಡಲು ಗೇಮ್‌ನಲ್ಲಿ ಕೆಂಪು ಚೌಕ ಹುಡುಕಬೇಕು. ನಮಗೆ ಅದು ಬೂದು ಗೋಡೆಯ ಮೇಲೆ ಬೂದು ಚೌಕ! ಸಿಗುವುದರೊಳಗೆ ಕರೆಂಟ್ ಹೋದರೆ ಎರಡು ಗಂಟೆಯ ಆಟ ಗೋವಿಂದ. ಜೇಮ್ಸ್ ಜೇಬಿನಲ್ಲಿ ಒಂದು ರೇಡಿಯೊ ಇರುತ್ತದೆ, ಪೀಡೆ ಹತ್ತಿರ ಬಂದರೆ ಅದು ಕರಕರ ಅನ್ನುತ್ತದೆ. ನಮ್ಮ ತಾತ ಬೆಳಗಿನ ಜಾವ ಆಕಾಶವಾಣಿ ಹಿಡಿಯಲು ರೇಡಿಯೊ ಕಿವಿ ತಿರುಗಿಸುತ್ತಿದ್ದರು. ಅದೇ ಕರಕರ. ಹಾಸಿಗೆಯಲ್ಲಿ ನಾನು ಎದ್ದು ಕೂತಿದ್ದೇನೆ, ಒಂದಲ್ಲ, ಹಲವು ದಿನ. ಆಮೇಲೆ ನಂದಿನಿ ಬೂತ್‌ಗೆ ಹಾಲು ತರಲು ನನ್ನನ್ನೇ ಕಳಿಸುತ್ತಿದ್ದರು. ಆಗಿನ ಜಾಲಹಳ್ಳಿ, ಆ ಮರಗಳು, ಡಿಸೆಂಬರ್ ಮಂಜು. ಬೀದಿದೀಪದ ಕೆಳಗೆ ಮಾತ್ರ ರಸ್ತೆ ಇದೆ, ಮುಂದೆ ಇಲ್ಲ. ಮಂಕಿ ಕ್ಯಾಪ್ ಹಾಕಿದ ಯಾರೋ ಎದುರಿಂದ ಬರುತ್ತಿದ್ದರು. ಅವರು ವಾಕಿಂಗ್ ಹೊರಟ ರಿಟೈರ್ಡ್ ಮನುಷ್ಯ ಅಂತ ನನಗೆ ಗೊತ್ತು. ಗೊತ್ತಿದ್ದೂ ರಸ್ತೆ ದಾಟಿದ್ದೇನೆ.

ಆ ಗಡಿಯಾರದ ವಿಷಯ ಹೇಳದೆ ಮುಂದೆ ಹೋಗಲಾರೆ. ಒಂದು ಅಪಾರ್ಟ್‌ಮೆಂಟ್, ಅದರೊಳಗೆ ದೊಡ್ಡ ಗಡಿಯಾರ. ಹೆನ್ರಿ, ಮಿಲ್‌ಡ್ರೆಡ್, ಸ್ಕಾಟ್ ಅಂತ ಮೂರು ಹೆಸರು. ಮುಳ್ಳುಗಳನ್ನು ಸರಿಯಾದ ಜಾಗಕ್ಕೆ ತಿರುಗಿಸಬೇಕು. ಮೂರು ದಿನ ಒದ್ದಾಡಿದೆವು. ಹೆನ್ರಿ ಯಾರು? ಸ್ಕಾಟ್ ಅವನ ತಮ್ಮನಾ? ಅಣ್ಣ ಒಂದು ನೋಟ್‌ಬುಕ್ ತುಂಬ ವಂಶವೃಕ್ಷ ಬರೆದ. ಮೂರನೇ ದಿನ ಮಧ್ಯಾಹ್ನ ತಾತ ಊಟಕ್ಕೆ ಕೂತು, ಗಡಿಯಾರ ಬಿಚ್ಚಿ ಪಕ್ಕಕ್ಕಿಟ್ಟರು. ಎಚ್‌ಎಂಟಿಯವರ ಕೈಗಡಿಯಾರ ಇನ್ಯಾವುದು ಇರುತ್ತೆ? ಅಣ್ಣ ಅದನ್ನೇ ನೋಡುತ್ತಾ ಕೂತ. ಎಚ್, ಎಂ, ಟಿ. ತುತ್ತು ಕೈಯಲ್ಲೇ ಇದೆ. "ಲೋ. ಎಚ್. ಎಂ. ಎಸ್ಸು ಕಣೋ! ಅವರ್, ಮಿನಿಟ್, ಸೆಕೆಂಡು!" ಎಂಜಲು ಕೈಯಲ್ಲೇ ಓಡಿದ. ದೊಡ್ಡಮ್ಮ ಬೈದದ್ದು ಈಗಲೂ ಕಿವಿಯಲ್ಲಿದೆ. ತಾತ ಮಾತ್ರ ಏನೂ ತಿಳಿಯದೆ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದರು.

ಸ್ಪಾಯ್ಲರ್ ಕೊಡಲ್ಲ ಅಂದವನು ಒಗಟಿನ ಅರ್ಧ ಉತ್ತರ ಹೇಳಿಬಿಟ್ಟೆ. ಕ್ಷಮಿಸಿ, ಇದನ್ನು ಹೇಳದೆ ಇರಲು ನನ್ನಿಂದಾಗಲ್ಲ.

ಆಮೇಲೆ ಮತ್ತಿಕೆರೆಯ ಗೆಳೆಯನೊಬ್ಬನ ಮನೆಗೆ ಡಿಸ್ಕ್ ತೆಗೆದುಕೊಂಡು ಹೋದೆವು. ಅವನದು ಹೊಸ ಟಿವಿ, ಎಲ್ಲ ಪದ್ಧತಿಯೂ ಓಡುತ್ತಿತ್ತು. ಬಣ್ಣ ಬಂತು. ಅಪಾರ್ಟ್‌ಮೆಂಟ್ ಓಣಿಯಲ್ಲಿ ಕಬ್ಬಿಣದ ಕಂಬಿಯ ಆಚೆ ಒಂದು ಆಕೃತಿ ನಿಂತಿರುತ್ತದೆ, ತಲೆ ಇರಬೇಕಾದ ಕಡೆ ದೊಡ್ಡ ಕಬ್ಬಿಣದ ಗೋಪುರ. ಏನೂ ಮಾಡಲ್ಲ. ನಿಂತಿರುತ್ತದೆ, ಅಷ್ಟೇ. ಅದರ ಸುತ್ತ ಕೆಂಪು ಬೆಳಕು ಇತ್ತು ಅಂತ ನಮಗೆ ಅವತ್ತು ಗೊತ್ತಾಯಿತು. ನಿಜ ಹೇಳಲಾ? ನನಗೆ ಬೇಜಾರಾಯಿತು. ನಮ್ಮ ಬೂದು ಆಕೃತಿ ಇನ್ನೂ ಭಯಂಕರವಾಗಿತ್ತು.

ಕೊನೆಗೆ ಬರೋಣ. ಈ ಗೇಮ್‌ಗೆ ಒಂದಕ್ಕಿಂತ ಹೆಚ್ಚು ಕೊನೆಗಳಿವೆ. ಆದರೆ ಯಾವುದು ಬೇಕು ಅಂತ ನಿಮ್ಮನ್ನು ಕೇಳಲ್ಲ. ಆಡುವಾಗಲೆಲ್ಲ ಅದು ಸದ್ದಿಲ್ಲದೆ ನಿಮ್ಮನ್ನು ನೋಡುತ್ತಿರುತ್ತದೆ. ಹೆಂಡತಿಯ ಫೋಟೋ ಎಷ್ಟು ಸಲ ತೆಗೆದು ನೋಡಿದಿರಿ? ಗಾಯವಾದರೆ ಔಷಧಿ ಕುಡಿದಿರಾ, ಹಾಗೇ ಓಡಾಡಿದಿರಾ? ಏಟು ತಿಂದ ಮೈಯಲ್ಲೇ ಬಹಳ ಹೊತ್ತು ತಿರುಗಿದರೆ, ಈ ಮನುಷ್ಯನಿಗೆ ಬದುಕುವ ಆಸೆ ಇಲ್ಲ ಅಂತ ಲೆಕ್ಕ ಹಾಕುತ್ತದೆ. ನಮಗೆ ಸಿಕ್ಕಿದ್ದು ಆ ಲೆಕ್ಕದ ಕೊನೆ. ಇರುವುದರಲ್ಲೇ ಅತಿ ದುಃಖದ್ದು. ಇಬ್ಬರೂ ಮಾತಿಲ್ಲದೆ ಕೂತಿದ್ದೆವು.

ಯಾಕೆ ಹಾಗಾಯಿತು ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ. ತಿಳಿದಾಗ ನಗು ಬಂತು. ನಮ್ಮ ಜೇಮ್ಸ್‌ಗೆ ಬದುಕುವ ಆಸೆ ಇರಲಿಲ್ಲ ಅಂತಲ್ಲ. ನಾವು ಔಷಧಿ ಕೂಡಿಡುತ್ತಿದ್ದೆವು! ಮುಂದೆ ಏನು ಬರುತ್ತೋ, ಇರಲಿ ಅಂತ. ಒಳ್ಳೇ ಬೆಡ್‌ಶೀಟ್ ಟ್ರಂಕ್‌ನಲ್ಲಿ, ಒಳ್ಳೇ ಕಪ್ಪು-ಬಸಿ ಷೋಕೇಸ್‌ನಲ್ಲಿ, ನೆಂಟರು ಬಂದಾಗ ತೆಗೆಯುವುದು. ಆ ಮನೆಯ ಮಕ್ಕಳು ಇನ್ನು ಹೇಗೆ ಆಡುತ್ತಾರೆ? ಗೇಮ್ ಮುಗಿದಾಗ ಜೇಬಿನ ತುಂಬ ಔಷಧಿ ಉಳಿದಿತ್ತು. ಅದು ನಾವು. ಅಷ್ಟು ಸಾಚಾ ಆಟ ನಾನು ಮತ್ತೆ ಯಾವತ್ತೂ ಆಡಿಲ್ಲ. ಎರಡನೇ ಸಲ ಆಡಿದಾಗ ಲೆಕ್ಕ ಗೊತ್ತಿತ್ತು. ಫೋಟೋ ನೋಡು, ಔಷಧಿ ಕುಡಿ, ಫೋಟೋ ನೋಡು. ಒಳ್ಳೇ ಕೊನೆ ಬಂತು. ಪ್ರಶ್ನೆಪತ್ರಿಕೆ ಲೀಕ್ ಆದ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂದ ಹಾಗೆ.

ಈಗ ಗುಳಿಗೆಯ ವಿಷಯ. 2024ರ ಅಕ್ಟೋಬರ್‌ನಲ್ಲಿ ರೀಮೇಕ್ ಬಂತು, ಪೋಲೆಂಡಿನ ಬ್ಲೂಬರ್ ಟೀಮ್ ಮಾಡಿದ್ದು. ಚೆನ್ನಾಗಿದೆ. ಬೈಯಲು ಕೂತವನಿಗೆ ಬೈಯಲು ಆಗಲಿಲ್ಲ. ಕ್ಯಾಮೆರಾ ಈಗ ಜೇಮ್ಸ್ ಹೆಗಲ ಹಿಂದೆ ಇದೆ, ಗಡಿಯಾರದ ಒಗಟು ಬೇರೆ ಥರ ಇದೆ, ಹಳೇ ನಕ್ಷೆ ತಲೆಯಲ್ಲಿಟ್ಟುಕೊಂಡು ಹೋದರೆ ದಾರಿಗಳೂ ಅಲ್ಲಲ್ಲಿ ಬೇರೆ. ಅಂದರೆ ಅರ್ಧ ಮೊದಲ ಸಲವೇ ತಟ್ಟೆಯಲ್ಲಿಟ್ಟು ಕೊಟ್ಟರು. ನಾನೇನು ಮಾಡಿದೆ ಗೊತ್ತಾ? ಹೆಬ್ಬಾಳದ ಫ್ಲ್ಯಾಟ್, ದೊಡ್ಡ ಟಿವಿ, ಒಳ್ಳೇ ಹೆಡ್‌ಫೋನು, ಯುಪಿಎಸ್ ಇದೆ, ಕರೆಂಟ್ ಚಿಂತೆ ಇಲ್ಲ. ಒಂದು ಕಡೆ ಸಿಕ್ಕಿಹಾಕಿಕೊಂಡೆ. ಮೂರೇ ನಿಮಿಷ. ಕೈ ತಾನಾಗಿ ಮೊಬೈಲ್‌ಗೆ ಹೋಯಿತು, ವಾಕ್‌ಥ್ರೂ, ಅಂದರೆ ಗೇಮ್ ಮುಗಿಸುವುದು ಹೇಗೆ ಅಂತ ಹೇಳಿಕೊಡುವ ಗೈಡು, ತೆಗೆದೆ, ಉತ್ತರ ನೋಡಿದೆ, ಮುಂದೆ ಹೋದೆ. ಮೂರು ದಿನ ಒದ್ದಾಡಿದ ಹುಡುಗ ಮೂರು ನಿಮಿಷ ಕಾಯಲಿಲ್ಲ.

ಆ ಗುಳಿಗೆ ನುಂಗಿದರೆ ಮತ್ತೆ ಮೊದಲ ಸಲ ಆಡುವವನು ಇವನೇ ತಾನೇ? ಈ ಮೊಬೈಲ್ ಹಿಡಿದವನು. ಆ ಹದಿನೈದರ ಹುಡುಗ ಆಡಿದ್ದನ್ನು ಅಳಿಸಿ ಇವನ ಕೈಗೆ ಕೊಡಬೇಕಾ? ವಯಸ್ಸಾಯಿತು, ಮನಸ್ಸು ಒಣಗಿತು ಅಂತೆಲ್ಲ ಜನ ಹೇಳುತ್ತಾರೆ. ನಾನು ಒಪ್ಪಲ್ಲ. ನನಗೆ ಈಗಲೂ ಹೆದರಿಕೆಯಾಗುತ್ತದೆ, ಕೇಳಿ ನನ್ನ ಹೆಂಡತಿಯನ್ನು. ಕೆಟ್ಟಿರುವುದು ನನ್ನ ತಾಳ್ಮೆ. ಗೊತ್ತಿಲ್ಲದೆ ಕೂತಿರುವುದು ನನಗೆ ಮರೆತುಹೋಗಿದೆ.

ಇದೇ ಮಾತನ್ನು ಅಣ್ಣನಿಗೆ ಫೋನ್‌ನಲ್ಲಿ ಹೇಳಿದೆ. ಅವನು ಈಗ ಮೈಸೂರಿನಲ್ಲಿದ್ದಾನೆ. ಕೇಳಿಸಿಕೊಂಡು ಏನಂದ ಗೊತ್ತಾ? "ಕಪ್ಪು-ಬಿಳುಪಾ? ಇಲ್ವಲ್ಲೋ, ಬಣ್ಣದಲ್ಲೇ ಇತ್ತಲ್ಲ!" ಅರ್ಧ ಗಂಟೆ ಜಗಳ ಆಡಿದೆವು. ನೋಟ್‌ಬುಕ್ ನೆನಪಿದೆ, ಅವರಮ್ಮ ಬೈದದ್ದು ನೆನಪಿದೆ, ಟಿವಿ ಮಾತ್ರ ಬಣ್ಣವಂತೆ. ಇರಲಿ ಬಿಡಿ.

ಹೋದ ತಿಂಗಳು ಅಕ್ಕನ ಮಗಳು ಮನೆಗೆ ಬಂದಿದ್ದಳು. ಬಿಇ ಎರಡನೇ ವರ್ಷ. ಈ ಗೇಮ್ ಬಗ್ಗೆ ಅವಳಿಗೆ ಏನೇನೂ ಗೊತ್ತಿಲ್ಲ, ಅದು ಹೇಗೆ ಸಾಧ್ಯ ಅಂತ ಕೇಳಬೇಡಿ, ಗೊತ್ತಿಲ್ಲ. ಕಂಟ್ರೋಲರ್ ಕೊಟ್ಟೆ. ಲೈಟ್ ಆರಿಸಿದೆ. ಹಿಂದೆ ಸೋಫಾದಲ್ಲಿ ಬಾಯಿ ಮುಚ್ಚಿಕೊಂಡು ಕೂತೆ. ಜೀವನದಲ್ಲಿ ಇಷ್ಟು ಕಷ್ಟದ ಕೆಲಸ ಮಾಡಿಲ್ಲ. ಅವಳು ತಪ್ಪು ಬೀದಿಗೆ ತಿರುಗಿದಳು, ಸುಮ್ಮನಿದ್ದೆ. ಕಣ್ಣೆದುರಿನ ಬಾಗಿಲು ಬಿಟ್ಟು ಹೋದಳು, ದಿಂಬು ಹಿಸುಕಿದೆ. ಒಂದು ಕಡೆ ಚೆನ್ನಾಗಿ ಏಟು ಬಿತ್ತು. ಓಡಿ ಬಂದು ಗೋಡೆಯ ಪಕ್ಕ ನಿಂತಳು. ಕೈಯಲ್ಲಿ ಎರಡು ಔಷಧಿ ಇತ್ತು.

"ಮಾಮ, ಈಗ ಕುಡಿಸ್ಲಾ, ಇಟ್ಕೊಳ್ಳಲಾ?"

"ನಿನ್ನಿಷ್ಟ ಪುಟ್ಟಿ" ಅಂದೆ.

ಅವಳು ಸ್ವಲ್ಪ ಹೊತ್ತು ಪರದೆ ನೋಡಿದಳು. "ಇರಲಿ, ಮುಂದೆ ಬೇಕಾಗುತ್ತೆ" ಅಂದು, ಹಾಗೇ ಮಂಜಿನೊಳಗೆ ಹೊರಟಳು.